ಕಾಂಪೋಸಿಟ್ ಡೆಕ್‌ನ ಅಂಚಿನ ಹಲಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಡೆಕ್‌ನ ಅಂಚಿನ ಕುರಿತೇ ಇದ್ದುದರಿಂದ, ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇರಿಸಿಕೊಂಡು, ಈ ಬಾರಿ ಅದೊಂದನ್ನೇ ಕೈಗೆತ್ತಿಕೊಂಡಿದ್ದೇನೆ. ಹೊಸ ಓದುಗರಿಗಾಗಿ ಒಂದು ಮಾತು: ಮನೆಗೆ ತಾಗಿ, ನೆಲದಿಂದ ತುಸು ಮೇಲೆ, ಚೌಕಟ್ಟಿನ ಮೇಲೆ ಹಲಗೆ ಹಾಸಿ ಮಾಡಿದ ತೆರೆದ ಜಗಲಿಯೇ ಡೆಕ್. ಮರದ ಪುಡಿಯನ್ನೂ ಪಾಲಿಥಿನ್‌ನಂತಹ ಪ್ಲಾಸ್ಟಿಕ್ಕನ್ನೂ ಬೆರೆಸಿ, ಕಾಯಿಸಿ, ಅಚ್ಚಿನ ಮೂಲಕ ಹೊರದೂಡಿ ಮಾಡಿದ ಹಲಗೆಗೆ ಕಾಂಪೋಸಿಟ್ ಎಂದು ಹೆಸರು, ನಮ್ಮ ಅಂಗಡಿಗಳಲ್ಲಿ ಡಬ್ಲ್ಯುಪಿಸಿ ಎಂದು ಕೇಳಿದರೆ ಸಿಗುತ್ತದೆ. ಡೆಕ್‌ನ ಸುತ್ತ, ಚೌಕಟ್ಟಿನ ಪೈಪುಗಳೂ ಹಲಗೆಗಳ ಕೊಯ್ದ ತುದಿಗಳೂ ಕಾಣದಂತೆ ನಿಲ್ಲಿಸಿ ಬಿಗಿಯುವ ತೆಳು ಹಲಗೆಯನ್ನು ಕೆಲಸದವರು ಫೇಶಿಯಾ ಎನ್ನುತ್ತಾರೆ. ಹಂಚಿನ ಮಾಡಿನಲ್ಲಿ ಪಕ್ಕಾಸುಗಳ ತುದಿಗೆ ಹೊಡೆಯುವ ಪಟ್ಟಿ ಹಲಗೆ ಮಾಡುವ ಕೆಲಸವನ್ನೇ ಇದು ನೆಲದ ಹತ್ತಿರ ಮಾಡುತ್ತದೆ.

ಪ್ರಶ್ನೆ: ನಮ್ಮ ಮನೆಯ ಪಡುವಣ ಬದಿಗೆ ಕಳೆದ ಡಿಸೆಂಬರಿನಲ್ಲಿ 7.2 ಮೀಟರ್ ಉದ್ದ, 3 ಮೀಟರ್ ಅಗಲದ ಡೆಕ್ ಮಾಡಿಸಿದೆವು. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಚೌಕಟ್ಟು, ಒಳಗೆ ಟೊಳ್ಳಿರುವ ಕಡು ಕಂದು ಬಣ್ಣದ ಹಲಗೆ. ಅಂಚಿಗೆ 12 ಮಿ.ಮೀ. ದಪ್ಪದ ಹಲಗೆಯನ್ನು ಮರದ ಕೆಲಸದಲ್ಲಿ ನುರಿತ ಆಚಾರಿಯವರೇ ಕೂರಿಸಿದ್ದರು. ಅಂದು ನೋಡಲು ಬಹಳ ಚಂದವಿತ್ತು. ಮಾರ್ಚ್ ಬರುವಾಗ ಹಲಗೆ ಸ್ಕ್ರೂಗಳ ನಡುವೆ ಹೊರಗೆ ಉಬ್ಬಿತು, ಮೂಲೆಯಲ್ಲಿ ಓರೆಯಾಗಿ ಕೊಯ್ದು ಕೂಡಿಸಿದ ಜಾಗ ಬಾಯಿ ಬಿಟ್ಟಿತು. ತಪ್ಪು ಹಲಗೆಯದೋ, ಕೆಲಸದ್ದೋ? ಮೇ ಕೊನೆಗೆ, ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಯ ಒಳಗೆ ಸರಿಮಾಡಿಸಬೇಕೆಂದಿದ್ದೇವೆ.
(ಬದಿಯಡ್ಕದ ಓದುಗರು)

ಉತ್ತರ: ನಿಮ್ಮ ಆಚಾರಿಯವರು ಅಜಾಗರೂಕರೆಂದು ನಾನು ಹೇಳಲಾರೆ. ಅವರ ಕೈಗೆ ಮರ ಗೊತ್ತು, ಮರಕ್ಕೆ ತಕ್ಕ ಹಾಗೆ ಅವರು ಬಿಗಿದಿದ್ದಾರೆ. ತೇಗವಾಗಲಿ ಹಲಸಾಗಲಿ ಮಳೆಗಾಲದಲ್ಲಿ ಉಬ್ಬುವುದು ಅಗಲಕ್ಕೆ. ಉದ್ದಕ್ಕೆ ಅದು ಹೆಚ್ಚುಕಡಿಮೆ ಇದ್ದ ಹಾಗೆಯೇ ಇರುತ್ತದೆ. ಆದ್ದರಿಂದಲೇ ಮರದ ಪಟ್ಟಿಯನ್ನು ಉದ್ದಕ್ಕೂ ಗಟ್ಟಿಯಾಗಿ ಬಿಗಿದು, ಮೂಲೆಗಳನ್ನು ಸಂದಿಲ್ಲದಂತೆ ಕೂಡಿಸುವುದು ಒಳ್ಳೆಯ ಕೆಲಸವೆಂದು ತಲೆಮಾರುಗಳಿಂದ ನಡೆದುಬಂದಿದೆ. ಕಾಂಪೋಸಿಟ್‌ನ ಸ್ವಭಾವ ಬೇರೆ. ಅದರಲ್ಲಿರುವ ಪ್ಲಾಸ್ಟಿಕ್ಕಿನಿಂದಾಗಿ ಅದು ನೀರಿಗಿಂತ ಬಿಸಿಲಿಗೆ ಹೆಚ್ಚು ಓಗೊಡುತ್ತದೆ, ಮತ್ತು ಬೆಳೆಯುವುದು ಮುಖ್ಯವಾಗಿ ಉದ್ದಕ್ಕೆ.

ಲೆಕ್ಕ ಹೀಗಿದೆ. ಪಾಲಿಥಿನ್ ಬೆರೆಸಿದ ಹಲಗೆ 1 ಮೀಟರ್ ಉದ್ದಕ್ಕೆ, ಪ್ರತಿ 10 ಡಿಗ್ರಿ ಬಿಸಿಗೆ, ಸರಿಸುಮಾರು 0.4 ಮಿ.ಮೀ. ಬೆಳೆಯುತ್ತದೆ. ಕಂಪನಿಯಿಂದ ಕಂಪನಿಗೆ ಇದು ಸ್ವಲ್ಪ ಹೆಚ್ಚುಕಡಿಮೆಯಾಗುವುದರಿಂದ ನಿಮ್ಮ ಹಲಗೆಯ ಜೊತೆ ಬಂದ ಕಾಗದದಲ್ಲಿರುವ ಅಂಕಿಯನ್ನೂ ನೋಡಿಕೊಳ್ಳಬೇಕು. ಡಿಸೆಂಬರಿನ ಬೆಳಿಗ್ಗೆ 22 ಡಿಗ್ರಿಯಲ್ಲಿ ಕೂರಿಸಿದ ಕಡು ಬಣ್ಣದ ಹಲಗೆ, ಪಡುವಣ ಬಿಸಿಲಿಗೆ ನೇರ ಮುಖ ಮಾಡಿ ನಿಂತಿದ್ದರೆ, ಏಪ್ರಿಲ್ ಮಧ್ಯಾಹ್ನದ ಮೂರು ಗಂಟೆಗೆ 60 ಡಿಗ್ರಿ ದಾಟುವುದು ಕಷ್ಟವಲ್ಲ. 40 ಡಿಗ್ರಿಯ ಈ ಏರಿಕೆಗೆ 3.6 ಮೀಟರ್ ಉದ್ದದ ಒಂದು ಹಲಗೆ ಸುಮಾರು 6 ಮಿ.ಮೀ. ಬೆಳೆಯಬೇಕು. ಕೆಲಸದವರ ಅಳತೆಯಲ್ಲಿ ಒಂದು ನೂಲೆಂದರೆ ಇಂಚಿನ ಎಂಟನೇ ಒಂದು ಭಾಗ, ಸುಮಾರು 3 ಮಿ.ಮೀ.; ಅಂದರೆ ಹಲಗೆಗೆ ಬೇಕಾಗಿದ್ದುದು ಎರಡು ನೂಲಿನಷ್ಟು ಜಾಗ. ಎರಡೂ ತುದಿಗಳಲ್ಲಿ ಆ ಜಾಗವಿಲ್ಲದೆ, ನಡುವೆ ಪ್ರತಿಯೊಂದು ಸ್ಕ್ರೂ ಅದನ್ನು ಹಿಡಿದು ನಿಲ್ಲಿಸಿದಾಗ, ಹೋಗಲು ಉಳಿದ ದಾರಿ ಹೊರಗೆ ಉಬ್ಬುವುದೊಂದೇ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಕುಂಬಳೆಯ ಸಮೀಪದ ಒಂದು ಮನೆಗೆ ನಾನೇ ನಿಂತು ಮಾಡಿಸಿದ ಮೊದಲ ಕಾಂಪೋಸಿಟ್ ಅಂಚು ಹೀಗೆಯೇ ಕೆಟ್ಟಿತು. ಮಧ್ಯಾಹ್ನ ಹೋಗಿ ನೋಡಿದಾಗ ಎರಡು ಸ್ಕ್ರೂಗಳ ನಡುವೆ ಹಲಗೆ ಪೈಪನ್ನು ಬಿಟ್ಟು ಎದ್ದುಕೊಂಡಿತ್ತು. ಮೇಲಿನಿಂದ ಐದು ರೂಪಾಯಿಯ ನಾಣ್ಯವನ್ನು ಆ ಸಂದಿಗೆ ಹಾಕಿದರೆ ಸಲೀಸಾಗಿ ಒಳಗಿಳಿಯುತ್ತಿತ್ತು. ಮರುದಿನ ಬೆಳಗ್ಗೆ ಆರಕ್ಕೆ ಹೋದಾಗ ಅದೇ ಹಲಗೆ ಪೈಪಿಗೆ ಅಂಟಿ ನೆಟ್ಟಗೆ ನಿಂತಿತ್ತು, ಆದರೆ ತುದಿಯ ಸ್ಕ್ರೂವಿನಿಂದ ಅಂಚಿನವರೆಗೆ ಕೂದಲೆಳೆಯಂತಹ ಒಂದು ಬಿರುಕು ಮೂಡಿತ್ತು. ಹಗಲು ಬೆಳೆದು, ರಾತ್ರಿ ಕುಗ್ಗಿ, ಪ್ರತಿದಿನವೂ ಸ್ಕ್ರೂವಿನ ಮೇಲೆ ಎಳೆದಾಡಿದ ಗುರುತು ಅದು. ಆ ಮನೆಯವರ ಅಂಚನ್ನು ಪೂರ್ತಿ ಬಿಚ್ಚಿ ಮತ್ತೆ ಕೂರಿಸಿಕೊಟ್ಟೆ. ನಿಮ್ಮ ಹಲಗೆ ಬಿರುಕು ಬಿಟ್ಟಿಲ್ಲವಾದರೆ ಅದನ್ನೇ ಮತ್ತೆ ಬಳಸಬಹುದು; ಹೊಸತು ಕೊಳ್ಳುವ ಅಗತ್ಯವಿಲ್ಲ.

ಬಿಚ್ಚಿದ ಮೇಲೆ ಮೊದಲು ನೋಡಬೇಕಾದದ್ದು ಹಿಂದಿನ ಚೌಕಟ್ಟನ್ನು. 12 ಮಿ.ಮೀ. ಹಲಗೆಗೆ ತನ್ನದೇ ಆದ ಗಟ್ಟಿತನ ಕಡಿಮೆ. ಹಿಂದಿನ ಪೈಪು ಹೇಗೆ ಅಂಕುಡೊಂಕಾಗಿದೆಯೋ ಮುಂದಿನ ಹಲಗೆಯೂ ಹಾಗೆಯೇ ಕಾಣುತ್ತದೆ. ಸುತ್ತಲೂ ಕಡಿಯದೆ ಓಡುವ ಒಂದು ಹೊರ ಪೈಪು ಇರಲೇಬೇಕು. ಅಡ್ಡ ಪೈಪುಗಳ ತುದಿಗಳಿಗೆ ಮಾತ್ರ ಹಲಗೆಯನ್ನು ಬಿಗಿದಿದ್ದರೆ, ಆ ತುದಿಗಳ ನಡುವೆ ಪೈಪಿನ ತುಂಡುಗಳನ್ನು ಬೆಸುಗೆ ಹಾಕಿಸಿಕೊಳ್ಳಿ. ಆಮೇಲೆ ಎರಡು ಮೂಲೆಗಳ ನಡುವೆ ದಾರ ಎಳೆದು ಕಟ್ಟಿ, ಪೈಪು ಎಲ್ಲೆಲ್ಲಿ ಒಳಗೆ ಸರಿದಿದೆಯೋ ಅಲ್ಲಿ ಹಲಗೆಯದೇ ಚೂರುಗಳನ್ನು ಸೀಳಿ ಪ್ಯಾಕಿಂಗ್ ಕೊಡಿ. ಪ್ಲೈವುಡ್ ಚೂರು, ರಟ್ಟು ಇವುಗಳನ್ನು ಖಂಡಿತ ಇಡಬೇಡಿ. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ನಮ್ಮ ಊರಿನಲ್ಲಿ ಅವು ಒಂದೇ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕರಗಿಹೋಗುತ್ತವೆ. ಪ್ಯಾಕಿಂಗನ್ನು ನಿಂತ ಪಟ್ಟಿಗಳಾಗಿ ಕೊಟ್ಟರೆ ಇನ್ನೊಂದು ಲಾಭವಿದೆ: ಹಲಗೆಗೂ ಪೈಪಿಗೂ ನಡುವೆ ನಾಲ್ಕೈದು ಮಿ.ಮೀ. ತೆರವು ಉಳಿದು, ಹಿಂದೆ ಇಳಿದ ನೀರು ನಿಲ್ಲದೆ ಕೆಳಗೆ ಹರಿದುಹೋಗುತ್ತದೆ. ರಸಮಟ್ಟ ಇಟ್ಟು ನೋಡಿದ ಮೇಲೂ ಸಂಜೆ ಐದರ ಓರೆ ಬಿಸಿಲಿನಲ್ಲಿ ಒಮ್ಮೆ ಉದ್ದಕ್ಕೆ ಕಣ್ಣು ಹಾಯಿಸಿ. ಮಧ್ಯಾಹ್ನ ಕಾಣದ ಅಲೆಗಳು ಆಗ ಕಾಣುತ್ತವೆ, ಮತ್ತು ಪಡುವಣ ಬದಿಯ ನಿಮ್ಮ ಡೆಕ್‌ಗೆ ಜನ ಬಂದು ಕೂರುವುದೂ ಅದೇ ಹೊತ್ತಿಗಲ್ಲವೇ.

ಇನ್ನು ತೂತು ಮತ್ತು ಸ್ಕ್ರೂ. ಇಡೀ ಕೆಲಸದ ಜೀವ ಇರುವುದು ಇಲ್ಲಿ. ಸ್ಕ್ರೂವಿನ ಮೈ ದಪ್ಪ 4.8 ಮಿ.ಮೀ. ಇದ್ದರೆ ಹಲಗೆಯಲ್ಲಿ 10 ಮಿ.ಮೀ. ತೂತು ಕೊರೆಯಬೇಕು, ಸ್ಕ್ರೂವಿನ ತಲೆ ಅಗಲವಾಗಿದ್ದು ಆ ತೂತನ್ನು ಪೂರ್ತಿ ಮುಚ್ಚುವಂತಿರಬೇಕು. ಫೇಶಿಯಾಕ್ಕೆಂದೇ ಬರುವ ಬಿಟ್ ಸಿಕ್ಕಿದರೆ ತಲೆ ಕೂರುವ ತಗ್ಗನ್ನೂ ಅದೇ ಕೊರೆಯುತ್ತದೆ. ಹಲಗೆಯ ಬಣ್ಣದ ತಲೆಯಿರುವ ಸ್ಕ್ರೂವನ್ನು ಅದರಲ್ಲಿ ಕೂರಿಸಿದರೆ ಎರಡು ಹೆಜ್ಜೆ ಹಿಂದೆ ನಿಂತವರಿಗೆ ಸ್ಕ್ರೂ ಇದೆಯೆಂದೇ ತಿಳಿಯುವುದಿಲ್ಲ. ಪ್ರತಿ ಹಲಗೆಯ ಉದ್ದದ ನಟ್ಟನಡುವೆ, ಮೇಲಿನಿಂದ ಕೆಳಗೆ ಬರುವ ಒಂದು ಸಾಲನ್ನು ಮಾತ್ರ ಸ್ಕ್ರೂವಿನ ಅಳತೆಗೆ ಸರಿಯಾಗಿ ಕೊರೆದು ಗಟ್ಟಿಯಾಗಿ ಬಿಗಿಯಿರಿ. ಹಾಗೆ ಮಾಡಿದರೆ ಹಲಗೆ ನಡುವಿನಿಂದ ಎರಡೂ ಕಡೆಗೆ ಸಮನಾಗಿ ಬೆಳೆಯುತ್ತದೆ, 6 ಮಿ.ಮೀ. ಎಂಬುದು ತುದಿಗೆ ಮೂರು ಮೂರಾಗಿ ಹಂಚಿಹೋಗುತ್ತದೆ. ಉಳಿದ ಸಾಲುಗಳು 300 ಮಿ.ಮೀ.ಗೆ ಒಂದರಂತೆ ಬರಲಿ, 140 ಮಿ.ಮೀ. ಅಗಲದ ಹಲಗೆಯಾದರೆ ಸಾಲಿಗೆ ಎರಡು ಸ್ಕ್ರೂ, 280 ಮಿ.ಮೀ. ಆಸುಪಾಸಿನ ಅಗಲದ್ದಾದರೆ ಮೂರು. ಮೇಲಿನ, ಕೆಳಗಿನ ಅಂಚುಗಳಿಂದ 30 ಮಿ.ಮೀ.ಯಷ್ಟು ಒಳಗಿರಲಿ.

ಬಿಗಿಯುವಾಗ ಡ್ರಿಲ್ ಯಂತ್ರದ ಕ್ಲಚ್ಚನ್ನು (ಬಿಗಿಯುವ ಬಲವನ್ನು ಹೊಂದಿಸುವ ಬಳೆಯನ್ನು) ಕೆಳಗಿನ ಅಂಕಿಗೆ ಇಳಿಸಿ, ಸ್ಕ್ರೂವಿನ ತಲೆ ಹಲಗೆಯನ್ನು ಮುಟ್ಟಿದೊಡನೆ ನಿಲ್ಲಿಸಬೇಕು. ಪೂರ್ತಿ ಕೂರಿಸಿದ ಮೇಲೆ ಒಂದು ಪರೀಕ್ಷೆ ಮಾಡಿ ನೋಡಿ. ತುದಿಯ ಹತ್ತಿರ ಎರಡೂ ಅಂಗೈಗಳನ್ನು ಹಲಗೆಯ ಮೇಲೆ ಒತ್ತಿ, ಉದ್ದಕ್ಕೆ ದೂಡಿದಾಗ ಹಲಗೆ ತುಸುವಾದರೂ ಸರಿದಂತೆ ಕೈಗೆ ತಿಳಿಯಬೇಕು. ಹೊರಕ್ಕೆ ಎಳೆದರೆ ಅಲುಗಬಾರದು. ಈ ಎರಡೂ ಸರಿಯಿದ್ದರೆ ನಿಮ್ಮ ಅಂಚು ಬೇಸಿಗೆಯನ್ನು ದಾಟುತ್ತದೆ.

7.2 ಮೀಟರ್ ಬದಿಗೆ 3.6 ಮೀಟರಿನ ಎರಡು ಹಲಗೆ ಬೇಕು, ನಡುವೆ ಒಂದು ಕೂಡುವ ಜಾಗ ಬರುತ್ತದೆ. ಬೆಳಗಿನ ತಂಪಿನಲ್ಲಿ ಕೂರಿಸುವುದಾದರೆ ಅಲ್ಲಿ 5 ಮಿ.ಮೀ. ಸಂದು ಬಿಡಿ, ಹಲಗೆ ಕೈಗೆ ಚುರುಕ್ಕೆನ್ನುವಷ್ಟು ಕಾದ ಹೊತ್ತಿನಲ್ಲಿ ಕೂರಿಸಿದರೆ 2 ಮಿ.ಮೀ. ಸಾಕು. ಎರಡು ತುದಿಗಳ ಹಿಂದೆಯೂ ನಿಂತ ಪೈಪಿನ ಆಸರೆ ಇರಬೇಕು. ಈ ಸಂದು ಕಾಣುವುದು ಬೇಡವೆಂದಾದರೆ ನನ್ನ ಸಲಹೆ ಇದು: ಡೆಕ್‌ನಿಂದ ಅಂಗಳಕ್ಕಿಳಿಯುವ ಮೆಟ್ಟಿಲನ್ನು ಆ ಜಾಗದಲ್ಲಿ ಇರಿಸಿ, ಸಂದು ಮೆಟ್ಟಿಲಿನ ಹಿಂದೆ ಮರೆಯಾಗುತ್ತದೆ. ಮೆಟ್ಟಿಲು ಬೇರೆಡೆ ಇದ್ದರೆ ಅದೇ ಹಲಗೆಯ 60 ಮಿ.ಮೀ. ಅಗಲದ ಪಟ್ಟಿಯೊಂದನ್ನು ಸಂದಿನ ಮೇಲೆ ನಿಲ್ಲಿಸಿ, ಸ್ಕ್ರೂ ಸಂದಿನೊಳಗೆ ಹಾದು ಪೈಪಿಗೆ ಹೋಗುವಂತೆ ಬಿಗಿಯಬಹುದು. ಪಟ್ಟಿಯನ್ನು ಎರಡು ಹಲಗೆಗಳಲ್ಲಿ ಯಾವುದಕ್ಕೂ ಬಿಗಿಯಬಾರದು.

ಮೂಲೆಯಲ್ಲಿ 45 ಡಿಗ್ರಿ ಓರೆ ಕೊಯ್ತ ನೋಡಲು ಬಲು ಅಂದ, ಆದರೆ 1 ಮೀಟರಿಗಿಂತ ಉದ್ದದ ಕಾಂಪೋಸಿಟ್ ಹಲಗೆಗೆ ನಾನು ಅದನ್ನು ಒಪ್ಪುವುದಿಲ್ಲ. ಎರಡೂ ಕಡೆಯ ಹಲಗೆಗಳು ಬೆಳೆದು ಚೂಪಾದ ತುದಿಗಳನ್ನು ಪರಸ್ಪರ ದೂಡಿದಾಗ ಮೂಲೆ ಬಿಚ್ಚಿಕೊಳ್ಳದೆ ಬೇರೆ ಗತಿಯಿಲ್ಲ. ಮುಂಬದಿಯ ಹಲಗೆ ಮೂಲೆಯನ್ನು ದಾಟಿ ಮುಂದಕ್ಕೆ ಬಂದು, ಪಕ್ಕದ ಹಲಗೆಯ ತುದಿ ಅದರ ಬೆನ್ನಿಗೆ 3-4 ಮಿ.ಮೀ. ಹಿಂದೆ ನಿಲ್ಲಲಿ, ಪಕ್ಕದ ಹಲಗೆ ಎಷ್ಟು ಬೆಳೆದರೂ ಆ ಬೆಳವಣಿಗೆ ಮರೆಯಲ್ಲೇ ಮುಗಿಯುತ್ತದೆ. ಮುಂಬದಿಯ ಹಲಗೆಯ ಕೊಯ್ದ ತುದಿ ಪಕ್ಕದಿಂದ ಕಾಣುವುದು ನಿಜ, ಆದ್ದರಿಂದ ಜನ ಹೆಚ್ಚು ಓಡಾಡುವ ಕಡೆಗೆ ಆ ತುದಿ ಬಾರದಂತೆ ಮೊದಲೇ ಯೋಚಿಸಿಕೊಳ್ಳಿ. ಅಂಗಡಿಯಲ್ಲಿ ಅದೇ ಬಣ್ಣದ ಮೂಲೆಪಟ್ಟಿ ಸಿಕ್ಕಿದರೆ ಇನ್ನೂ ಒಳ್ಳೆಯದು.

ಮೇಲಂಚಿನ ವಿಚಾರ ಸಣ್ಣದು. ಟೊಳ್ಳು ಹಲಗೆಗಳ ತುದಿ ಕಾಣುವ ಬದಿಯಲ್ಲಿ, ಡೆಕ್‌ನ ಸುತ್ತ ಒಂದು ಗಟ್ಟಿ ಹಲಗೆಯನ್ನು ಚೌಕಟ್ಟಿನಂತೆ ಓಡಿಸಿ, ಅದು ಫೇಶಿಯಾದಿಂದ 15-20 ಮಿ.ಮೀ. ಹೊರಗೆ ಚಾಚಿಕೊಂಡಿರುವಂತೆ ಮಾಡಿದರೆ ಮಳೆನೀರು ಫೇಶಿಯಾದ ಮುಖದ ಮೇಲೆ ಇಳಿಯದೆ ತೊಟ್ಟಿಕ್ಕುತ್ತದೆ. ಫೇಶಿಯಾದ ತಲೆಗೂ ಆ ಹಲಗೆಯ ಹೊಟ್ಟೆಗೂ ಒಂದು ನೂಲು ಅಂತರವಿರಲಿ. ಬಿಚ್ಚಿಟ್ಟ ಹಲಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಬೇಡಿ. ಮಟ್ಟಸವಾದ ನೆಲದಲ್ಲಿ ಅರ್ಧ ಮೀಟರಿಗೊಂದು ರೀಪು ಕೊಟ್ಟು, ನೆರಳಿನಲ್ಲಿ ಮಲಗಿಸಿಡಿ. ಒರಗಿಸಿದ ಹಲಗೆ ಬಿಸಿಲಿಗೆ ಬಾಗಿದರೆ ಅದನ್ನು ನೆಟ್ಟಗೆ ಮಾಡುವುದು ಬಹಳ ಕಷ್ಟ.

ಪ್ರಶ್ನೆ: ನಮ್ಮ ಮನೆ ಕಡಲಿನಿಂದ ಇನ್ನೂರು ಮೀಟರ್ ದೂರದಲ್ಲಿದೆ. ಫೇಶಿಯಾ ಹಾಕಿ ಒಂದು ಮಳೆಗಾಲ ಮುಗಿದಿಲ್ಲ, ಪ್ರತಿ ಸ್ಕ್ರೂವಿನಿಂದಲೂ ಕಂದು ಗೆರೆ ಇಳಿದಿದೆ. ಅಂಗಡಿಯವರು ಎಸ್‌ಎಸ್ ಸ್ಕ್ರೂ ಎಂದೇ ಕೊಟ್ಟಿದ್ದರು.
(ಉಪ್ಪಳದ ಓದುಗರು)

ಉತ್ತರ: ಅಂಗಡಿಯವರು ಸುಳ್ಳು ಹೇಳಿರಲಾರರು. ಸ್ಟೇನ್‌ಲೆಸ್ ಉಕ್ಕಿನಲ್ಲಿ ಹಲವು ಬಗೆಗಳಿವೆ. ಪೈಪನ್ನು ತಾನೇ ಕೊರೆದುಕೊಂಡು ಹೋಗುವ ಸ್ಕ್ರೂಗಳನ್ನು ಸಾಮಾನ್ಯವಾಗಿ 410 ಎಂಬ ಬಗೆಯಿಂದ ಮಾಡುತ್ತಾರೆ, ಏಕೆಂದರೆ ಅದನ್ನು ಕಾಯಿಸಿ ಗಡಸು ಮಾಡಬಹುದು. ಗಡಸಾದರೂ ಉಪ್ಪಿನ ಗಾಳಿಯನ್ನು ತಾಳುವ ಶಕ್ತಿ ಅದಕ್ಕೆ ಕಡಿಮೆ. 304 ಅದಕ್ಕಿಂತ ಮೇಲು. 316ರಲ್ಲಿ ನೂರಕ್ಕೆ 2-3ರಷ್ಟು ಮಾಲಿಬ್ಡಿನಂ ಇರುವುದರಿಂದ ಕಡಲಂಚಿಗೆ ಅದೇ ತಕ್ಕದ್ದು. ಒಂದು ಅಯಸ್ಕಾಂತವನ್ನು ಕಿಸೆಯಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ: 410 ಅದಕ್ಕೆ ಚಟಕ್ಕೆಂದು ಹಿಡಿದುಕೊಳ್ಳುತ್ತದೆ, 304 ಮತ್ತು 316 ಹಿಡಿಯುವುದಿಲ್ಲ, ಹಿಡಿದರೂ ಬಹಳ ಸಡಿಲ. ಆ ಎರಡನ್ನು ಒಂದರಿಂದೊಂದು ಬೇರ್ಪಡಿಸಲು ಅಯಸ್ಕಾಂತ ಸಾಲದು, ಪೊಟ್ಟಣದ ಮೇಲಿನ ಅಂಕಿಯನ್ನೇ ನೋಡಬೇಕು.

316 ಸ್ಕ್ರೂ ಮೆದುವಾದ್ದರಿಂದ ಪೈಪನ್ನು ತಾನೇ ಕೊರೆಯಲಾರದು. 2 ಮಿ.ಮೀ. ದಪ್ಪದ ಪೈಪಿಗೆ, 4.8 ಮಿ.ಮೀ. ಸ್ಕ್ರೂವಾದರೆ, ಮೊದಲೇ 4 ಮಿ.ಮೀ. ತೂತು ಕೊರೆದುಕೊಳ್ಳಬೇಕು. ಕೆಲಸ ಇಮ್ಮಡಿಯಾಗುತ್ತದೆ, ಕೂಲಿಯೂ ಏರುತ್ತದೆ. ಕಡಲಂಚಿನ ಮನೆಗೆ ಆ ಖರ್ಚನ್ನು ಮಾಡಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಕಾರಣವನ್ನೂ ಪರಿಶೀಲಿಸಿ. ಪೈಪು ಕೊರೆಯುವಾಗ ಉದುರುವ ಕಬ್ಬಿಣದ ಸಣ್ಣ ಸುರುಳಿಗಳು, ಕಂದು ಹಲಗೆಯ ಗೀರುಗಳೊಳಗೆ ಸೇರಿಕೊಂಡು ಕಣ್ಣಿಗೆ ಕಾಣದಂತೆ ಕೂತಿರುತ್ತವೆ. ಜೂನ್ ತಿಂಗಳ ತೇವದಲ್ಲಿ ಒಂದೇ ರಾತ್ರಿ ಸಾಕು, ಬೆಳಗಾಗುವಾಗ ಪ್ರತಿಯೊಂದರ ಸುತ್ತ ಸಾಸಿವೆ ಗಾತ್ರದ ಕೆಂಪು ಚುಕ್ಕೆ. ಕೊರೆದ ಒಡನೆ ಮೆದು ಬ್ರಷ್ಷಿನಿಂದ ಗುಡಿಸಿ, ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಆಡಿಸಿದರೆ ಈ ಕಾಟ ತಪ್ಪುತ್ತದೆ. ಬೆಸುಗೆ ಹಾಕಿದ ಕಡೆ ಪೈಪಿನ ಸತುವಿನ ಲೇಪ ಸುಟ್ಟುಹೋಗಿರುತ್ತದೆಯಾದ್ದರಿಂದ, ಫೇಶಿಯಾ ಮುಚ್ಚುವ ಮೊದಲೇ ಅಲ್ಲಿ ಸತು ಹೆಚ್ಚಿರುವ ಪ್ರೈಮರ್ ಎರಡು ಕೈ ಹಚ್ಚಿಸಿ. ಮುಚ್ಚಿದ ಮೇಲೆ ಅದನ್ನು ಯಾರೂ ನೋಡುವುದಿಲ್ಲ. ಈಗ ಬಿದ್ದಿರುವ ಕಲೆಗಳಿಗೆ ಆಕ್ಸಾಲಿಕ್ ಆಮ್ಲ ಇರುವ ಕ್ಲೀನರ್ ಒಳ್ಳೆಯದು. ಕೈಗವಸು ಹಾಕಿಕೊಂಡು, ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ನೋಡಿ, ಬಳಿಕ ಧಾರಾಳ ನೀರಿನಿಂದ ತೊಳೆಯಿರಿ.

ಪ್ರಶ್ನೆ: ಡೆಕ್‌ನ ಪಕ್ಕದಲ್ಲೇ ಅಡಿಕೆ ತೋಟ. ಮದ್ದು ಬಿಡುವಾಗ ಬೋರ್ಡೋ ದ್ರಾವಣ ಹಾರಿ ಫೇಶಿಯಾದ ಮೇಲೆ ನೀಲಿ ಚುಕ್ಕೆಗಳಾಗಿವೆ. ಕೆಳ ಅಂಚಿನಲ್ಲಿ ಕೆಂಪು ಮಣ್ಣಿನ ಕಲೆ ಬೇರೆ.
(ಪೆರ್ಲದ ಓದುಗರು)

ಉತ್ತರ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವು ಗರಿಗೂ ಗೊನೆಗೂ ಅಂಟಿ ಮಳೆಗೆ ತೊಳೆದುಹೋಗದಿರಲೆಂದೇ ಇರುವಂಥದ್ದು, ಅದು ನಿಮ್ಮ ಹಲಗೆಗೂ ಹಾಗೆಯೇ ಅಂಟಿದೆ. ಹಸಿಯಿದ್ದಾಗ ಬರೀ ನೀರಿಗೆ ಹೋಗುತ್ತದೆ. ಒಣಗಿದ್ದರೆ ವಿನೆಗರನ್ನು ಸಮಪಾಲು ನೀರಿನಲ್ಲಿ ಬೆರೆಸಿ, ಬಟ್ಟೆ ಅದ್ದಿ ಐದು ನಿಮಿಷ ಚುಕ್ಕೆಯ ಮೇಲೆ ಇರಿಸಿ, ಮೆದು ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಹಲಗೆಯ ಬಣ್ಣಕ್ಕಿಂತ ನನಗೆ ಚಿಂತೆ ಹಿಂದಿನ ಜಿಐ ಪೈಪಿನದು. ತಾಮ್ರ ಬೆರೆತ ನೀರು ಸತುವಿನ ಲೇಪವನ್ನು ಬೇಗ ತಿನ್ನುತ್ತದೆ. ಮೊದಲ ಸಲ ಮುಂಗಾರಿಗೆ ಮುಂಚೆ, ಮತ್ತೆ 40-45 ದಿನ ಬಿಟ್ಟು ಮದ್ದು ಬಿಡುವ ದಿನಗಳಲ್ಲಿ, ಡೆಕ್‌ಗೆ ಟಾರ್ಪಾಲು ಹೊದೆಸಿ ಫೇಶಿಯಾದ ಕೆಳಗಿನವರೆಗೆ ಇಳಿಬಿಡುವುದೇ ಸುಲಭದ ಉಪಾಯ.

ಕೆಂಪು ಮಣ್ಣಿಗೆ ಮದ್ದು ಹಲಗೆಯಲ್ಲಿಲ್ಲ, ಅಂಗಳದಲ್ಲಿದೆ. ಮೇಲಿನಿಂದ ಬಿದ್ದ ಹನಿ ಮುರಕಲ್ಲಿನ ಮಣ್ಣನ್ನು ಹೊತ್ತು ಎಗರಿ ಹಲಗೆಗೆ ಹೊಡೆಯುತ್ತದೆ. ಫೇಶಿಯಾದ ಬುಡದುದ್ದಕ್ಕೂ 300 ಮಿ.ಮೀ. ಅಗಲಕ್ಕೆ ಮಣ್ಣು ತೆಗೆದು, 20 ಮಿ.ಮೀ. ಜಲ್ಲಿ ತುಂಬಿಸಿ. ಹನಿ ಜಲ್ಲಿಯ ಸಂದುಗಳಲ್ಲಿ ಇಳಿದುಹೋಗುತ್ತದೆ.

ಪ್ರಶ್ನೆ: ಡೆಕ್‌ನ ಅಡಿಯಲ್ಲಿ ಹಾವು, ಇಲಿ ಸೇರಿಕೊಳ್ಳುತ್ತವೆಂಬ ಹೆದರಿಕೆ. ಫೇಶಿಯಾವನ್ನು ನೆಲದವರೆಗೆ ಇಳಿಸಿ, ಸಿಮೆಂಟು ಹಾಕಿ ಪೂರ್ತಿ ಮುಚ್ಚಬಹುದೇ?
(ಮುಳ್ಳೇರಿಯದ ಓದುಗರು)

ಉತ್ತರ: ನಿಮ್ಮ ಹೆದರಿಕೆ ಸಹಜ, ಮಕ್ಕಳಿರುವ ಮನೆಯಾದರೆ ಇನ್ನೂ ಸಹಜ. ಆದರೆ ಪೂರ್ತಿ ಮುಚ್ಚುವುದು ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡಿಯಲ್ಲಿ ಸೇರಿದ ತೇವ ಹೊರಹೋಗಲು ದಾರಿಯಿಲ್ಲದಿದ್ದರೆ ಪೈಪು ತುಕ್ಕು ಹಿಡಿಯುತ್ತದೆ, ಹಲಗೆಯ ಹೊಟ್ಟೆಯಲ್ಲಿ ಬೂಷ್ಟು ಬರುತ್ತದೆ, ಮೇಲೆ ಕಾಯುವ ಬಿಸಿಲಿಗೂ ಅಡಿಯ ತಂಪಿಗೂ ನಡುವೆ ಹಲಗೆ ಬಟ್ಟಲಿನಂತೆ ಮುರುಟುವುದೂ ಉಂಟು. ಮಣ್ಣಿಗೆ ತಾಗಿದ ಫೇಶಿಯಾದ ಹಿಂದೆ ಗೆದ್ದಲು ಮಣ್ಣಿನ ಹಾದಿ ಕಟ್ಟಿ ಮನೆಯ ಮರದ ದಾರಂದದವರೆಗೆ ಬಂದರೂ ನಿಮಗೆ ಕಾಣಿಸದು; ಕಾಂಪೋಸಿಟ್ ಅದಕ್ಕೆ ಇಷ್ಟದ ಊಟವಲ್ಲ, ಆದರೆ ಅಡಗಿ ಹೋಗಲು ಒಳ್ಳೆಯ ಮರೆ.

ನೆಲದಿಂದ 50 ಮಿ.ಮೀ.ಯಾದರೂ ಮೇಲೆ ಫೇಶಿಯಾ ನಿಲ್ಲಲಿ. ಆ ತೆರವಿಗೆ 6 ಮಿ.ಮೀ. ಕಣ್ಣಿನ ಸ್ಟೇನ್‌ಲೆಸ್ ಜಾಲರಿಯನ್ನು ಒಳಬದಿಯಿಂದ ಪೈಪಿಗೆ ಬಿಗಿದು, ಅದರ ಕೆಳ ಅಂಚನ್ನು ಹೊರಕ್ಕೆ ಮಡಚಿ ಒಂದು ಗೇಣು ಜಲ್ಲಿಯಡಿ ಹೂತುಬಿಡಿ. ಗಾಳಿಯಾಡುತ್ತದೆ, ಇಲಿ ತೋಡಿ ಬರಲು ಸಾಧ್ಯವಾಗುವುದಿಲ್ಲ, ಇಲಿಯಿಲ್ಲದ ಕಡೆ ಹಾವಿಗೂ ಕೆಲಸವಿಲ್ಲ. ಒಂದು ಬದಿಯಲ್ಲಿ, ಸುಮಾರು 1 ಮೀಟರ್ ಉದ್ದದ ಫೇಶಿಯಾ ತುಂಡನ್ನು ನಾಲ್ಕು ಬೋಲ್ಟುಗಳಲ್ಲಿ ಬಿಚ್ಚಿ ತೆಗೆಯುವಂತೆ ಇರಿಸಿಕೊಳ್ಳಿ. ಸಂದಿಯಿಂದ ಬಿದ್ದ ಒಣಗಿದ ಎಲೆ, ಮಕ್ಕಳ ಆಟಿಕೆ, ಅಡಿಯ ನೀರಿನ ಪೈಪಿನ ಸೋರಿಕೆ, ಎಲ್ಲದಕ್ಕೂ ಒಂದು ದಿನ ಒಳಗೆ ಕೈ ಹಾಕಬೇಕಾಗಿ ಬರುತ್ತದೆ. ಮಳೆಗಾಲದ ಮೊದಲೊಮ್ಮೆ ತೆಗೆದು ಟಾರ್ಚು ಹಾಕಿ ನೋಡುವ ರೂಢಿ ಒಳ್ಳೆಯದು.

ಪ್ರಶ್ನೆ: ಸ್ಕ್ರೂ ಕಾಣುವುದೇ ಬೇಡವೆಂದು ಗಮ್ ಹಾಕಿ ಅಂಟಿಸಬಹುದೇ?
(ನೀರ್ಚಾಲಿನ ಓದುಗರು)

ಉತ್ತರ: ಬೇಡ. ಪಾಲಿಥಿನ್ ಇರುವ ಮೈಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಹಿಡಿದರೂ ದಿನವೂ ಬೆಳೆದು ಕುಗ್ಗುವ ಹಲಗೆ ಅದನ್ನು ಎಳೆದು ಬಿಡಿಸುತ್ತದೆ. ತಲೆಯಿಲ್ಲದ ಸಣ್ಣ ಮೊಳೆಗಳ ಗತಿಯೂ ಅದೇ.

ಪ್ರಶ್ನೆ: ನಮ್ಮಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಚಳಿಗಾಲದ ಬೆಳಗು ತಣ್ಣಗಿರುತ್ತದೆ. ಕರಾವಳಿಯ ಲೆಕ್ಕ ನಮಗೂ ಹೊಂದುತ್ತದೆಯೇ? ಮಣ್ಣು ಎರೆಮಣ್ಣು.
(ಅಕ್ಕಲಕೋಟೆಯ ಓದುಗರು)

ಉತ್ತರ: ಲೆಕ್ಕ ಅದೇ, ಅಂಕಿ ದೊಡ್ಡದು. ಹಲಗೆಯ ಉದ್ದವನ್ನು ಮೀಟರಿನಲ್ಲಿ ಬರೆದು, 0.04ರಿಂದ ಗುಣಿಸಿ, ಹಲಗೆಯ ಅತಿ ತಂಪಿನ ಮತ್ತು ಅತಿ ಬಿಸಿಯ ನಡುವಿನ ಡಿಗ್ರಿಗಳಿಂದ ಮತ್ತೆ ಗುಣಿಸಿ. ನಿಮ್ಮ ಸೋಲಾಪುರದ ಕಡೆ ಚಳಿಗಾಲದ 15 ಡಿಗ್ರಿಯಿಂದ ಮೇ ತಿಂಗಳ ಬಿಸಿಲಲ್ಲಿ ಕಾದ ಹಲಗೆಯ 65 ಡಿಗ್ರಿಯವರೆಗೆ 50 ಡಿಗ್ರಿ ಅಂತರವೆಂದು ಹಿಡಿದರೆ, 3.6 ಮೀಟರ್ ಹಲಗೆ 7 ಮಿ.ಮೀ.ಗಿಂತ ಹೆಚ್ಚು ಆಡುತ್ತದೆ. ಅಷ್ಟು ಸಂದು ಬಿಟ್ಟರೆ ಚಳಿಗಾಲದಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ಹಲಗೆಯನ್ನು 2.4 ಮೀಟರಿಗೆ ಕೊಯ್ದು ಬಳಸಿ, ಆಟ 5 ಮಿ.ಮೀ. ಒಳಗೆ ನಿಲ್ಲುತ್ತದೆ. ತಿಳಿ ಬಣ್ಣದ ಹಲಗೆ ಆರಿಸಿಕೊಂಡರೆ ಅದು ಕಾಯುವುದೂ ಕಡಿಮೆ.

ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಉಬ್ಬಿದ ನೆಲ ಫೇಶಿಯಾವನ್ನು ಕೆಳಗಿನಿಂದ ಎತ್ತದಿರಲೆಂದು ಬುಡದ ತೆರವನ್ನು 75 ಮಿ.ಮೀ.ಗೆ ಏರಿಸಿ.

ಪ್ರಶ್ನೆ: ಹಳೆ ಮನೆ ಬಿಚ್ಚಿದಾಗ ಉಳಿದ ಹಲಸಿನ ಹಲಗೆಗಳಿವೆ, ಅಜ್ಜನ ಕಾಲದವು. ಡೆಕ್ ಕಾಂಪೋಸಿಟ್, ಅಂಚಿಗೆ ಮಾತ್ರ ಇವನ್ನು ಹಾಕಬಹುದೇ?
(ಮಂಜೇಶ್ವರದ ಓದುಗರು)

ಉತ್ತರ: ಹಾಕಬಹುದು, ಮತ್ತು ಹಾಕಿ ಎಂದೇ ಹೇಳಬೇಕೆನಿಸುತ್ತದೆ, ಹಳೆಯ ಹಲಸಿನ ಕೆಚ್ಚು ಇಂದು ದುಡ್ಡು ಕೊಟ್ಟರೂ ಸುಲಭವಾಗಿ ಸಿಗದು. ಆದರೆ ಡೆಕ್‌ನ ಮೂರು ಬದಿಗೂ ಬೇಡ. ಬಯಲಿನ ಮಳೆ ಬಿಸಿಲಿಗೆ ಮರ ಎರಡು ವರ್ಷದಲ್ಲಿ ಬೂದಿಬಣ್ಣಕ್ಕೆ ತಿರುಗುತ್ತದೆ, ಪಕ್ಕದ ಕಾಂಪೋಸಿಟ್ ತನ್ನ ಬಣ್ಣದಲ್ಲೇ ಇರುತ್ತದೆ, ಆಗ ಎರಡೂ ಹೊಂದುವುದಿಲ್ಲ. ಮಾಡಿನ ನೆರಳು ಬೀಳುವ ಮೆಟ್ಟಿಲುಗಳ ಎದುರು ಹಲಗೆಗೆ ಇದನ್ನು ಬಳಸಿ. ಇಲ್ಲಿ ಲೆಕ್ಕ ತಿರುಗುಮುರುಗು: ತೂತುಗಳನ್ನು ಅಗಲದ ದಿಕ್ಕಿಗೆ ಉದ್ದ ಮಾಡಿ, ಮೇಲೆ ಕೆಳಗೆ ಒಂದೊಂದು ನೂಲು ಬಿಡಿ, ಏಕೆಂದರೆ ಮಳೆಗಾಲದಲ್ಲಿ ಅದು ಉಬ್ಬುವುದು ಆ ಕಡೆಗೆ. ಕೊಯ್ದ ತುದಿಗಳೇ ನೀರು ಹೀರುವ ಬಾಯಿಗಳಾದ್ದರಿಂದ ಅವಕ್ಕೆ ಎಣ್ಣೆಯನ್ನು ಮೂರು ಸಲ, ಕುಡಿಯುವಷ್ಟು ಕುಡಿಸಿ, ಉಳಿದ ಮೈಗೆ ವರ್ಷಕ್ಕೆರಡು ಸಲ, ಮಳೆಗೆ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಹಚ್ಚಿ. ನೆಲಕ್ಕೆ ತಾಗುವ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಎದುರಿಗೆ ಮಾತ್ರ ಮರ ಬೇಡ, ಅಲ್ಲಿ ಕಾಂಪೋಸಿಟ್ಟನ್ನೇ ಇರಿಸಿ.